ಬಲಕ್ಕೆ ತಿರುಗಿದ ಬಿರಡೆ

ಎಂಬತ್ತೊಂದನೆಯ ಪುಟ ಮುಗಿಯುವ ಹೊತ್ತಿಗೆ ಅವನು ಮೂರು ತಪ್ಪುಗಳನ್ನು ನೋಡದೆ ಬಿಟ್ಟಿದ್ದ. ಒಂದು ದೀರ್ಘ, ಒಂದು ಒತ್ತಕ್ಷರ, ಒಂದು ಕಡೆ ಎರಡು ಸಲ ಬಿದ್ದ ‘ಅವನು’. ಬಿಟ್ಟದ್ದು ಗೊತ್ತಾದದ್ದೂ ಮೇಜಿನ ಆಚೆ ಕೂತ ಓದುವ ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿ, “ಏನ್ರೀ, ಇವತ್ತು ಕಣ್ಣು ಮನೇಲೇ ಬಿಟ್ಟು ಬಂದ್ರಾ?” ಎಂದು ಕೇಳಿದಾಗಲೇ. ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಓದುವ ಅಕ್ಕ ಎಂದೇ ಕರೆಯುತ್ತಿದ್ದರು. ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು ಅವಳ ಕೆಲಸ. ಆ ದನಿಯ ಹಿಂದೆಯೇ ಕರಡಚ್ಚಿನ ಸಾಲಿನ ಕೆಳಗೆ ಪಟ್ಟಿ ಸರಿಸುತ್ತ, ಕೆಂಪು ಶಾಯಿಯಲ್ಲಿ ತಪ್ಪು ತಿದ್ದುವುದು ಅವನ ಕೆಲಸ. ಹದಿನೆಂಟು ವರ್ಷ ಎದುರು ಬದುರು ಕೂತು ಅವಳಿಗೆ ತಲೆಕೆಳಗಾದ ಅಕ್ಷರ ಓದುವ ವಿದ್ಯೆಯೂ ಬಂದುಬಿಟ್ಟಿತ್ತು. ಅವನು ಸಹಿ ಮಾಡಿದ ಪುಸ್ತಕಕ್ಕೆ ಇದುವರೆಗೆ ತಪ್ಪು-ಒಪ್ಪುಗಳ ಚೀಟಿ ಅಂಟಿಸಬೇಕಾಗಿ ಬಂದಿರಲಿಲ್ಲ. ಮಾಲೀಕರು ಗಿರಾಕಿಗಳ ಮುಂದೆ ಅವನನ್ನು ತೋರಿಸಿ, “ಇವರ ಕೈದಾಟಿ ಒಂದು ಚುಕ್ಕಿನೂ ತಪ್ಪಿಸ್ಕೊಳ್ಳಲ್ಲ” ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನಿಗೆ ಸುಖಕ್ಕಿಂತ ಹೆಚ್ಚು ಭಯವಾಗುತ್ತಿತ್ತು. ಯಾವತ್ತೋ ಒಂದು ದಿನ ತಪ್ಪಿಸಿಕೊಳ್ಳುತ್ತದೆ, ಆಗ ಇವರಿಗೂ ಗೊತ್ತಾಗುತ್ತದೆ, ನಾನು ಯಾರು ಎಂದು.

“ಇನ್ನೊಂದ್ಸಲ ಓದಿ ಅಕ್ಕಾ,” ಎಂದ. “ಬೊಂಬೆ ಅಂತ ಬರುತ್ತಲ್ಲ, ಅಲ್ಲಿಂದ.”

ಅವಳು ಕೆಮ್ಮಿ ಗಂಟಲು ಸರಿಮಾಡಿಕೊಂಡು, ವಿರಾಮಚಿಹ್ನೆಗಳನ್ನೂ ಮಾತಿನಲ್ಲೇ ಹೇಳುತ್ತ, ತನ್ನ ಎಂದಿನ ರಾಗದಲ್ಲಿ ಶುರುಮಾಡಿದಳು. “ತಮ್ಮನಿಗೆ ನಿದ್ದೆ ಹತ್ತಿದ್ದನ್ನು ನೋಡಿ ಅಲ್ಪವಿರಾಮ ಅಣ್ಣ ಗುಂಡಿಯ ಡಬ್ಬಿಯಿಂದ ಏಳೂ ಹೊನ್ನುಗಳನ್ನು ತೆಗೆದ ಪೂರ್ಣವಿರಾಮ ಅವು ಸದ್ದು ಮಾಡದಂತೆ ಕೋಟಿನ ಅಸ್ತರಿನ ಚೂರಿನಲ್ಲಿ ಸುತ್ತಿದ ಪೂರ್ಣವಿರಾಮ ತಲೆಯಿಲ್ಲದ ಮರದ ಬೊಂಬೆಯ ಕುತ್ತಿಗೆಗೆ ಒಂದು ಬಿರಡೆಯಿತ್ತು ಪೂರ್ಣವಿರಾಮ ಅದು ಎಲ್ಲ ಬಿರಡೆಗಳಂತೆ ಎಡಕ್ಕೆ ತಿರುಗುತ್ತಿರಲಿಲ್ಲ ಅರ್ಧವಿರಾಮ ಬಲಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚಿಕೊಳ್ಳುತ್ತಿತ್ತು ಪೂರ್ಣವಿರಾಮ.” ನಿಲ್ಲಿಸಿ ನಕ್ಕಳು. “ಭಾರೀ ಕಿಲಾಡಿ ಕಣ್ರೀ ಈ ಅಣ್ಣ. ನಿಮ್ಮಣ್ಣ ಈ ವಯಸ್ಸಲ್ಲೂ ಮಕ್ಕಳ ಬುದ್ಧಿ ಎಲ್ಲಿಟ್ಕೊಂಡಿದ್ದಾರೋ!”

ಬರೆದವನು ಅವನ ಅಣ್ಣನೇ. ಶಾಲೆಯ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾಗಿ, ಮಕ್ಕಳಿಗಾಗಿ ಬರೆಯುವ ದೊಡ್ಡ ಮನುಷ್ಯನೆಂದು ಹೆಸರು ಮಾಡಿದವನು. ಇದು ಅವನ ಹನ್ನೊಂದನೆಯ ಪುಸ್ತಕ. ಹಸ್ತಪ್ರತಿ ಬಂದ ದಿನ ಮಾಲೀಕರು, “ಮನೆ ಕೂಸು, ನೀವೇ ನೋಡ್ಕೊಳ್ಳಿ” ಎಂದು ಮೇಜಿನ ಮೇಲಿಟ್ಟು ಹೋಗಿದ್ದರು. ಇಬ್ಬರು ಅಣ್ಣತಮ್ಮಂದಿರು, ಅಪ್ಪ ದರ್ಜಿ, ಮುಂದಿನ ಕೋಣೆಯೇ ಅಂಗಡಿ, ಹಳೆಯ ಕೋಟೊಂದರ ಹೊಲಿಗೆ ಬಿಚ್ಚುವಾಗ ಅಸ್ತರಿನೊಳಗೆ ಏಳು ಚಿನ್ನದ ನಾಣ್ಯ. ಮೊದಲ ಪುಟದಲ್ಲೇ ಅದು ತಮ್ಮ ಮನೆಯೆಂದು ಅವನಿಗೆ ತಿಳಿದಿತ್ತು. ಒಂದು ಬಗೆಯ ಹಿಗ್ಗೂ ಆಗಿತ್ತು. ಅಪ್ಪ ಬಾಯಲ್ಲಿ ಸೂಜಿ ಕಚ್ಚಿಕೊಂಡು ಮಾತಾಡುತ್ತಿದ್ದದ್ದು, ಹೊಲಿದ ಕೋಟು ತೊಡಿಸಿ ನೋಡುವ ಬೊಂಬೆಯನ್ನು ಮಕ್ಕಳಿಬ್ಬರೂ ‘ತಲೆಯಿಲ್ಲದ ಮಾವ’ ಎನ್ನುತ್ತಿದ್ದದ್ದು, ಇಸ್ತ್ರಿಯ ಕಾವಿಗೆ ಒದ್ದೆ ಬಟ್ಟೆ ಉಸ್ಸೆನ್ನುತ್ತಿದ್ದದ್ದು, ಎಲ್ಲ ಇತ್ತು. ಮೂರು ದಿನದಿಂದ ಅವನು ಒಂದೇ ಒಂದು ಪುಟಕ್ಕಾಗಿ ಎದೆ ಹಿಡಿದುಕೊಂಡು ಕಾಯುತ್ತಿದ್ದ: ತಮ್ಮ ಡಬ್ಬಿಯನ್ನು ಹೊರಗೆ ಒಯ್ದು, ಆಡುತ್ತ ಆಡುತ್ತ ಹೊನ್ನನ್ನು ಮೋರಿಯಲ್ಲಿ ಕಳೆಯುವ ಪುಟ. ಅದನ್ನು ಓದುವ ಅಕ್ಕನ ಬಾಯಲ್ಲಿ ಕೇಳುವಾಗ ಮುಖ ಎಲ್ಲಿಡುವುದು ಎಂದು ಯೋಚಿಸಿಟ್ಟುಕೊಂಡಿದ್ದ. ಆ ಪುಟ ಬರಲೇ ಇಲ್ಲ. ಅದರ ಜಾಗದಲ್ಲಿ ಇದು ಬಂತು.

ಅವನಿಗೆ ಆಗ ಒಂಬತ್ತು, ಅಣ್ಣನಿಗೆ ಹದಿಮೂರು. ಅಪ್ಪ ಹೊಲಿದ ಬಟ್ಟೆ ಕೊಡಲು ಹೊರಗೆ ಹೋಗಿದ್ದ. ಮುದುಕಿಯೊಬ್ಬಳು ಸತ್ತ ಗಂಡನ ಕೋಟನ್ನು ಮೊಮ್ಮಗನ ಅಳತೆಗೆ ಸಣ್ಣದು ಮಾಡಿಸಲು ಕೊಟ್ಟಿದ್ದಳು. ಹೊಲಿಗೆ ಬಿಚ್ಚುವ ಕೆಲಸ ಹುಡುಗರದು. ಬ್ಲೇಡು ಹಿಡಿದು ಕಡುಗೆಂಪು ಅಸ್ತರನ್ನು ಬಿಡಿಸುತ್ತಿದ್ದವನು ಅವನೇ. ಬೆರಳಿಗೆ ಮೊದಲು ತಾಗಿದ್ದು ಅವನಿಗೇ. ಗುಂಡಿಯ ಡಬ್ಬಿಯಲ್ಲಿ ಹಾಕಿ ಅಣ್ಣನೇ ಅವನ ಕೈಗೆ ಕೊಟ್ಟ. “ನಿನಗೆ ಸಿಕ್ಕಿದ್ದು, ನೀನೇ ಇಟ್ಕೋ. ಅಪ್ಪ ಬಂದ್ಮೇಲೆ ನೀನೇ ತೋರಿಸು.” ಬೆಳಗಿನಿಂದಲೇ ಮೈ ಬೆಚ್ಚಗಿತ್ತು. ಡಬ್ಬಿಯನ್ನು ಅಪ್ಪಿಕೊಂಡು ಮಲಗಿದ್ದು ನೆನಪು. ಸಂಜೆ ಅಪ್ಪನ ಮುಂದೆ ಮುಚ್ಚಳ ತೆಗೆದಾಗ ಒಳಗೆ ಬರೀ ಗುಂಡಿಗಳು. “ನೀನೇ ಹೊರಗೆ ತಗೊಂಡು ಹೋಗಿದ್ಯಲ್ಲೋ,” ಎಂದ ಅಣ್ಣ. “ಮೋರಿ ಕಟ್ಟೆ ಮೇಲೆ ಕೂತು ಆಡ್ತಿದ್ದೆ. ನಾನು ಕಿಟಕಿಯಿಂದ ನೋಡ್ದೆ.” ಇಲ್ಲ ಎನ್ನಲು ಬಾಯಿ ತೆರೆದವನಿಗೆ ಇಲ್ಲ ಎನ್ನುವಷ್ಟು ಖಾತರಿ ಇರಲಿಲ್ಲ. ಜ್ವರ ಏರಿತು. ಆ ಒಂದು ವಾರದ ಜ್ವರದಲ್ಲಿ ಅವನು ಅದನ್ನು ಕಂಡೇ ಕಂಡ: ಮೋರಿಯ ಕಟ್ಟೆ, ಬಿಸಿಲು, ತನ್ನ ಬೆರಳ ಸಂದಿಯಿಂದ ಒಂದೊಂದಾಗಿ ಜಾರುವ ಹೊನ್ನು, ಕಪ್ಪು ನೀರು ನುಂಗುವ ಮೊದಲು ಅದು ಒಮ್ಮೆ ಹೊರಳಿ ಮಿಂಚಿದ್ದು. ನಲವತ್ತನಾಲ್ಕು ವರ್ಷ ಅವನು ಅದನ್ನು ನೆನಪು ಎಂದೇ ತಿಳಿದಿದ್ದ. ಅಪ್ಪನ ಮುಖಕ್ಕಿಂತ ಹೆಚ್ಚು ಸ್ಪಷ್ಟವಾದ ನೆನಪು. ಈಗ ಕರಡಿನ ಒದ್ದೆ ಕಾಗದದ ಮೇಲೆ ಕೈಯಿಟ್ಟು ಕೂತಿರುವಾಗಲೂ ಅದು ಅಷ್ಟೇ ಸ್ಪಷ್ಟವಾಗಿ ಬಂತು. ಬಂದು, ಇದು ನನ್ನದಲ್ಲ ಎನ್ನಿಸಿ, ಯಾರದೋ ಅಂಗಿ ತೊಟ್ಟುಕೊಂಡು ಇಷ್ಟು ವರ್ಷ ಬೀದಿ ತಿರುಗಿದವನ ಹಾಗೆ ಮೈ ಕುಗ್ಗಿತು.

ಕಥೆ ಇರಬಹುದು, ಎಂದುಕೊಂಡ. ಅಣ್ಣ ಕಥೆಗಾರ. ಕಥೆಗಾರರು ಇಲ್ಲದ್ದನ್ನು ಬರೆಯುತ್ತಾರೆ. ಅದಕ್ಕೇ ಅವರಿಗೆ ಶಾಲು ಹೊದಿಸುವುದು. ಆದರೆ ಬಿರಡೆ? ತಲೆಯಿಲ್ಲದ ಮಾವನ ಕುತ್ತಿಗೆಯ ಬಿರಡೆ ಅಂಟು ಹಾಕಿದ್ದು, ತೆಗೆಯಲು ಬರುವುದಿಲ್ಲ ಎಂದು ಅಪ್ಪನೇ ಹೇಳುತ್ತಿದ್ದ. ಅವನೂ ಎಷ್ಟೋ ಸಲ ಹಲ್ಲು ಕಚ್ಚಿ ತಿರುವಿ ನೋಡಿದ್ದ. ಎಲ್ಲ ಬಿರಡೆ ತಿರುಗುವ ಕಡೆಗೇ.

ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಎದ್ದ. “ಎಲ್ಲಿಗ್ರೀ?” ಎಂದಳು ಓದುವ ಅಕ್ಕ. “ಮನೇಲಿ ನಲ್ಲಿ ನಿಲ್ಲಿಸಿದ್ನೋ ಇಲ್ವೋ ನೋಡ್ಕೊಂಡು ಬರ್ತೀನಿ.” ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ನಲ್ಲಿ, ಬೀಗ, ದೀಪ, ಕೊಡೆ. ಒಂದಕ್ಕೆ ಮೂರು ಸಲ ಹಿಂದಿರುಗಿ ನೋಡುವವನು ಅವನೆಂದು ಇಡೀ ಪ್ರೆಸ್ಸಿಗೆ ಗೊತ್ತು. ಅದು ಹೇಗೆ ಬಂತು ಎಂಬುದು ಮಾತ್ರ ಗೊತ್ತಿರಲಿಲ್ಲ. ಮನೆಯಲ್ಲಿ ಅವನಿಗೆ ತೂತುಗೈ ಎಂದು ಹೆಸರಿತ್ತು. ಕೈಯಲ್ಲೇ ತೂತಿದೆ, ಇವನಿಗೆ ಏನೂ ಕೊಡಬೇಡಿ. ಸಣ್ಣವನಿದ್ದಾಗ ತಮಾಷೆಗೆ ಶುರುವಾದದ್ದು ಮೀಸೆ ಬಂದ ಮೇಲೂ ಹೋಗಲಿಲ್ಲ. ಅಣ್ಣನ ಮದುವೆಯಲ್ಲಿ ಉಂಗುರದ ಪೆಟ್ಟಿಗೆ ಹಿಡಿದುಕೊಳ್ಳಲು ಯಾರೋ ಅವನ ಕೈಗೆ ಕೊಟ್ಟಾಗ ಚಿಕ್ಕಮ್ಮ, “ಅಯ್ಯೋ, ಅವನಿಗಾ?” ಎಂದು ಕಿತ್ತುಕೊಂಡಿದ್ದಳು, ಛತ್ರದಲ್ಲಿ ಇದ್ದವರೆಲ್ಲ ನಕ್ಕಿದ್ದರು, ಅವನೂ ನಕ್ಕಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕಳ್ಳನ ಲಕ್ಷಣವಂತೆ. ಕದಿಯದವನೂ ನೋಡಿಕೊಳ್ಳುತ್ತಾನೆ. ಎಲ್ಲಿ ಯಾರು ಏನು ಕಳೆದುಕೊಂಡೆ ಎಂದರೂ ಅವನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ಅವನದು ಮಹಡಿಯ ಮೇಲೆ ಒಂದೂವರೆ ಕೋಣೆಯ ಮನೆ. ಮದುವೆ ಆಗಿರಲಿಲ್ಲ, ಅಮ್ಮ ಹೋದ ಮೇಲೆ ನಾಲ್ಕು ವರ್ಷದಿಂದ ಒಬ್ಬನೇ. ಅಪ್ಪನ ಸಾಮಾನುಗಳಲ್ಲಿ ಉಳಿದದ್ದು ತಲೆಯಿಲ್ಲದ ಮಾವ ಒಬ್ಬನೇ. ಮಂಚದ ಪಕ್ಕ ನಿಂತು ಅವನ ಅಂಗಿಗೆ ಗೂಟವಾಗಿದ್ದ. ಅಂಗಿ ತೆಗೆದು ಮಂಚದ ಮೇಲೆಸೆದ. ಬಿರಡೆಯ ಮೇಲೆ ಧೂಳು. ಹಿಡಿದು ಬಲಕ್ಕೆ ತಿರುವಿದ. ಕದಲಲಿಲ್ಲ. ಆ ಒಂದು ಕ್ಷಣ ಅವನಿಗೆ ಎಷ್ಟು ಹಾಯೆನಿಸಿತೆಂದರೆ, ಹಾಗೇ ಬಿಟ್ಟು ಹೊರಟುಬಿಡಬೇಕು ಎನಿಸಿತು. ಆದರೆ ಎರಡನೆಯ ಸಲ ನೋಡುವುದು ಅವನ ರೋಗ. ಟವೆಲು ಸುತ್ತಿ, ಬೊಂಬೆಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ತಿರುವಿದಾಗ, ಕಿರ್ರೆಂದು, ಒಣಗಿದ ಮರ ಮರದ ಮೇಲೆ ಸರಿದು, ಬಿಚ್ಚಿಕೊಂಡಿತು. ಒಳಗೆ ಮುಷ್ಟಿ ಹಿಡಿಸುವಷ್ಟು ಪೊಳ್ಳು. ಬೆರಳಿಗೆ ಸಿಕ್ಕಿದ್ದು ಒಂದು ಬಟ್ಟೆಯ ಚೂರು. ಬಣ್ಣ ಹೋಗಿ ಕಂದಾಗಿದ್ದರೂ ಮಡಿಕೆಯ ಒಳಗೆ ಇನ್ನೂ ಕಡುಗೆಂಪು. ಅದರ ಮೇಲೆ ದುಂಡಗೆ, ಒಂದರ ಪಕ್ಕ ಒಂದು, ನಾಣ್ಯ ಒತ್ತಿದ ಗುರುತು ಇತ್ತೋ ಅಥವಾ ಅವನ ಕಣ್ಣೇ ಹಾಗೆ ಕಂಡಿತೋ. ಮಂಚದ ಮೇಲೆ ಕೂತ. ಕೆಳಗೆ ಯಾರೋ ನಲ್ಲಿ ಬಿಟ್ಟು ಬಕೆಟ್ಟು ತುಂಬಿಸುತ್ತಿದ್ದರು. ಬಕೆಟ್ಟು ತುಂಬಿ ಹರಿಯುವವರೆಗೆ ಅವನು ಅಲ್ಲೇ ಕೂತಿದ್ದ.

ಅಳು ಬರಲಿಲ್ಲ. ಅವನ ನೆನಪಿಗೆ ಬಂದದ್ದು ಅಪ್ಪನ ಬೆನ್ನು. ಜ್ವರ ಬಿಟ್ಟ ಮರುದಿನವೇ ಅಪ್ಪ ಅವನ ಕೈ ಹಿಡಿದು ಕೋಟಿನಜ್ಜಿಯ ಮನೆಗೆ ಕರೆದೊಯ್ದಿದ್ದ. ಆ ಮುದುಕಿಗೆ ಕೋಟಿನಲ್ಲಿ ಹೊನ್ನಿದ್ದದ್ದೇ ಗೊತ್ತಿರಲಿಲ್ಲ. ಹೇಳದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತು ಹೇಳಿದ್ದ: “ನಿಮ್ಮ ಕೋಟಲ್ಲಿ ಏಳು ಹೊನ್ನಿತ್ತಮ್ಮ. ನನ್ನ ಮಗ ಕಳೆದ. ಇನ್ನು ನಿಮ್ಮನೆ ಹೊಲಿಗೆಯೆಲ್ಲ ನನ್ನದು. ಕಾಸು ಬೇಡ.” ಆಮೇಲೆ ಹನ್ನೊಂದು ವರ್ಷ, ಆ ಮುದುಕಿ ಕಣ್ಮುಚ್ಚುವ ತನಕ, ಅಪ್ಪ ಆ ತುಂಬಿದ ಮನೆಗೆ ಹೊಲಿದ. ಹಗಲು ಬೇರೆಯವರ ಕೆಲಸ, ಬೆಳಕು ಕಂತುವ ಹೊತ್ತಿಗೆ ಆ ಮನೆಯ ಕೆಲಸ. ಕಣ್ಣು ಅಲ್ಲೇ ಹೋಯಿತು. ಹೊಲಿದದ್ದನ್ನು ಒಯ್ದು ಕೊಡುವುದು ಅವನ ಪಾಲಿಗೆ ಬಂತು. “ಬಂದ್ಯಾ ತೂತುಗೈ? ದಾರೀಲಿ ಒಂದು ತೋಳು ಬೀಳಿಸಿಲ್ಲ ತಾನೆ?” ಎಂದು ಆ ಮುದುಕಿ ಪ್ರತಿ ಸಲ ಕೇಳುತ್ತಿದ್ದಳು. ಕೆಟ್ಟವಳಲ್ಲ, ಆ ಒಂದು ಮಾತಿನ ಸುಖ ಬಿಡಲಾಗದವಳು ಅಷ್ಟೆ. ಹದಿನಾಲ್ಕಕ್ಕೆ ಅವನೇ ಶಾಲೆ ಬಿಟ್ಟ. ಕಾಜ ಹೊಲಿಯಲು ಅಪ್ಪನಿಗೆ ಕಣ್ಣು ಸಾಲುತ್ತಿರಲಿಲ್ಲ. ಅಣ್ಣ ಆಗ ದೂರದ ಊರಲ್ಲಿ ವಿದ್ಯಾರ್ಥಿವೇತನದಲ್ಲಿ ಉಪಾಧ್ಯಾಯ ತರಬೇತಿ ಓದುತ್ತಿದ್ದ.

ವಿದ್ಯಾರ್ಥಿವೇತನ. ಮಂಚದ ಮೇಲೆ ಕೂತವನು ಆ ಪದವನ್ನು ಅಕ್ಷರ ಅಕ್ಷರ ಬಿಡಿಸಿ ಓದಿದ.

ಮಧ್ಯಾಹ್ನದ ಮೇಲೆ ಉಳಿದ ಅಧ್ಯಾಯಗಳನ್ನು ಮುಗಿಸಿದರು. ಅವನ ಕೈ ಒಂದೂ ತಪ್ಪು ಬಿಡಲಿಲ್ಲ. ಅಷ್ಟು ಚೆನ್ನಾಗಿ ಅವನು ಎಂದೂ ಕೆಲಸ ಮಾಡಿರಲಿಲ್ಲ. ಕಥೆಯಲ್ಲಿ ಅಣ್ಣ ತಮಾಷೆಗೆಂದು ಹೊನ್ನು ಬಚ್ಚಿಡುತ್ತಾನೆ. ಹೇಳಲು ಹೆದರಿ ನಾಲ್ಕು ದಿನ ಕಳೆಯುತ್ತಾನೆ. ಐದನೆಯ ದಿನ ಮರದ ಕೆಳಗೆ ತಮ್ಮನನ್ನು ಕೂರಿಸಿ ಎಲ್ಲ ಹೇಳಿಬಿಡುತ್ತಾನೆ. ಆಮೇಲೆ ಇಬ್ಬರೂ ಹೊನ್ನನ್ನು ಅಜ್ಜಿಗೆ ಒಪ್ಪಿಸುತ್ತಾರೆ. ಅಜ್ಜಿ ಮೆಚ್ಚಿ ಅದನ್ನು ಅವರಿಗೇ ಕೊಡುತ್ತಾಳೆ. ನಾಲ್ಕು ದಿನ. ಕಡೆಯ ಪುಟವನ್ನು ಓದುವ ಅಕ್ಕ ವಿರಾಮಚಿಹ್ನೆ ಹೇಳುವುದನ್ನೂ ಮರೆತು ಓದಿದಳು. “ತಮ್ಮ ಅಣ್ಣನ ಕಣ್ಣೊರೆಸಿದ. ಅಷ್ಟೇ ತಾನೇ ಅಣ್ಣಾ, ಎಂದು ನಕ್ಕುಬಿಟ್ಟ. ಆ ನಗುವಿಗಿಂತ ದೊಡ್ಡ ಹೊನ್ನು ಯಾವ ಕೋಟಿನಲ್ಲೂ ಇರಲಿಲ್ಲ.” ಹಾಳೆ ಕೆಳಗಿಟ್ಟು, “ಒಳ್ಳೇ ಹುಡುಗ ಪಾಪ,” ಎಂದಳು. “ನಮ್ಮನೆ ಹುಡುಗರಾಗಿದ್ರೆ ಅಲ್ಲೇ ಒಬ್ಬರ ಜುಟ್ಟು ಒಬ್ಬರು ಕಿತ್ತಿರೋರು.”

ಲೇಖಕರಿಗೆ ಕೇಳಬೇಕಾದ ಅನುಮಾನಗಳನ್ನು ಪಟ್ಟಿಮಾಡಿ ಕಳಿಸುವುದು ಪದ್ಧತಿ. ಆ ಸಂಜೆ ಅವನೇ ಕರಡನ್ನು ಚೀಲಕ್ಕೆ ಹಾಕಿಕೊಂಡು ಅಣ್ಣನ ಮನೆಯ ಕಡೆಗೆ ಹೋಗುವ ಬಸ್ಸು ಹತ್ತಿದ. ಆ ಮನೆಯ ಹಜಾರದಲ್ಲಿ ಗಾಜಿನ ಬೀರು, ಅದರಲ್ಲಿ ಅಣ್ಣನಿಗೆ ಬಂದ ಫಲಕಗಳು. ಅಣ್ಣ ಆರಾಮಕುರ್ಚಿಯಲ್ಲಿದ್ದ. “ಬಾರೋ, ಬಾ. ಇವಳೇ, ಮೈದುನ ಬಂದಿದ್ದಾನೆ, ಚಹಾ ಇಡು. ಹೇಗಿದೆ ಪುಸ್ತಕ? ಅಪ್ಪನ್ನ ಚೆನ್ನಾಗಿ ತಂದಿದ್ದೀನಿ ಅಲ್ವಾ?”

“ಚೆನ್ನಾಗಿದೆ. ಒಂದಷ್ಟು ಅನುಮಾನ ಇದೆ.” ಪಟ್ಟಿ ತೆಗೆದ. ಹನ್ನೆರಡನೇ ಪುಟದಲ್ಲಿ ಕತ್ತರಿ ಅಂತಿದೆ, ಹದಿನೈದರಲ್ಲಿ ಅದೇ ಕತ್ರಿ ಆಗಿದೆ. ನಲವತ್ತರಲ್ಲಿ ಅಜ್ಜಿಗೆ ಎಪ್ಪತ್ತು, ಅರವತ್ತರಲ್ಲಿ ಎಂಬತ್ತು. ಅಣ್ಣ ಉತ್ಸಾಹದಿಂದ ಒಂದೊಂದಕ್ಕೂ ಉತ್ತರ ಹೇಳಿದ. ಅವನು ಬರೆದುಕೊಂಡ. ಆಮೇಲೆ ಅದೇ ದನಿಯಲ್ಲಿ ಕೇಳಿದ, “ಎಂಬತ್ತೊಂದನೇ ಪುಟ. ಬಿರಡೆ ಬಲಕ್ಕೆ ತಿರುಗುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಕಥೆ ಕಣೋ ಅದು.” ಅಣ್ಣ ನಕ್ಕ.

“ಇವತ್ತು ತೆಗೆದೆ. ಬಲಕ್ಕೇ ತಿರುಗ್ತು.” ಬಟ್ಟೆಯ ಚೂರನ್ನು ಅಂಗಿಯ ಜೇಬಿನಿಂದ ತೆಗೆದು ಕರಡಿನ ಮೇಲಿಟ್ಟ.

ಅಣ್ಣ ಅದನ್ನು ಮುಟ್ಟಲಿಲ್ಲ. ಕುರ್ಚಿಯ ಕೈಯನ್ನು ಸವರಿದ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ರೂಢಿಯಾದ ಆ ತುಂಬು ದನಿ ತೆಳ್ಳಗಾಯಿತು. “ಮೊದ್ಲು ತಮಾಷೆಗೇ ಕಣೋ. ದೇವರಾಣೆ. ನಿನ್ನ ಹೆದರಿಸೋಣ ಅಂತ. ಬಿರಡೆ ಹಾಕ್ತಿದ್ದೆ, ಅಮ್ಮ ನೋಡಿಬಿಟ್ಟಳು.”

“ಅಮ್ಮ.”

“ಅಪ್ಪನಿಗೆ ಗೊತ್ತಾದ್ರೆ ಇವತ್ತೇ ತಗೊಂಡೋಗಿ ಕೊಟ್ಟುಬಿಡ್ತಾರೆ, ಅವರ ಸತ್ಯ ಕಟ್ಕೊಂಡು ನಾವು ಹೀಗೇ ಸಾಯ್ಬೇಕು, ನೀನಾದ್ರೂ ಓದು ಅಂದಳು. ತಮ್ಮ ಹೇಳಿಬಿಡ್ತಾನಲ್ಲ ಅಂದೆ ನಾನು. ನೀನು ಬಾಯಿ ಕಟ್ಟೋನಲ್ಲ. ಅದಕ್ಕೇ...” ಅಣ್ಣ ಕೈ ಚೆಲ್ಲಿದ. “ನೀನು ಚಿಕ್ಕವನು. ಮೇಲೆ ಜ್ವರ. ನಿನ್ನ ಯಾರೂ ಹೊಡೆಯಲ್ಲ ಅಂತ ಅಂದ್ಕೊಂಡ್ವಿ. ಅಪ್ಪ ಆ ಮುದುಕಿ ಮನೆಗೆ ಹೋಗಿ ಹಾಗೆ ಮಾತು ಕೊಟ್ಟು ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು? ಆಮೇಲೆ ಹೇಳೋಕಾಗುತ್ತಾ?”

ಅಮ್ಮನಿಗೂ ಗೊತ್ತಿತ್ತು. ಅವನು ಇದಕ್ಕೆ ಸಿದ್ಧನಾಗಿ ಬಂದಿರಲಿಲ್ಲ. ಜ್ವರದ ನಾಲ್ಕನೆಯ ದಿನವೋ ಐದನೆಯದೋ, ಹಣೆಯ ಮೇಲೆ ಒದ್ದೆ ಬಟ್ಟೆ ಒತ್ತುತ್ತ ಅಮ್ಮ ಅಂದಿದ್ದಳು, “ಹೋಗ್ಲಿ ಬಿಡು ಮಗಾ. ನೀನೇನು ಬೇಕು ಅಂತ ಕಳೆದ್ಯಾ?” ಎಲ್ಲರೂ ತೂತುಗೈ ಎಂದಾಗ, ಕೋಟಿನಜ್ಜಿಯ ಮೆಟ್ಟಿಲು ಹತ್ತುವಾಗ, ಅಪ್ಪ ಸೂಜಿಗೆ ದಾರ ಪೋಣಿಸಲಾಗದೆ ಅದನ್ನು ಅವನತ್ತ ಚಾಚಿದಾಗ, ಅವನು ಒಳಗೊಳಗೇ ಮುಟ್ಟಿ ನೋಡಿಕೊಳ್ಳುತ್ತಿದ್ದದ್ದು ಆ ಒಂದು ಮಾತನ್ನು. ಜಗತ್ತಿನಲ್ಲಿ ಒಬ್ಬಳಾದರೂ ನನ್ನನ್ನು ಮನ್ನಿಸಿದ್ದಾಳೆ. ಅಮ್ಮನ ಕೊನೆಯ ಹತ್ತು ವರ್ಷ ಅವನ ಮನೆಯಲ್ಲೇ, ಆ ಒಂದೂವರೆ ಕೋಣೆಯಲ್ಲೇ ಕಳೆಯಿತು. ಉಣಿಸಿದ್ದು, ಮೈ ಒರೆಸಿದ್ದು ಅವನೇ. ಕಡೆಕಡೆಗೆ ಅವಳು ಅವನ ಅಂಗೈ ಬಿಡಿಸಿ, ಏನೋ ಹುಡುಕುವವಳ ಹಾಗೆ, ಹೆಬ್ಬೆರಳಿನಿಂದ ನಡುವೆ ಉಜ್ಜುತ್ತಿದ್ದಳು. ಮುಪ್ಪಿನ ಮರುಳು ಎಂದುಕೊಂಡಿದ್ದ. ಅವಳ ಬಾಯಿ ಆಗ ಏನನ್ನೋ ಹೇಳಲು ತೆರೆದು ಮುಚ್ಚುತ್ತಿತ್ತು. ಅವನು ಬಾಯಾರಿಕೆಯೆಂದು ನೀರು ಹಾಕುತ್ತಿದ್ದ.

ಬಾಗಿಲಲ್ಲಿ ಅತ್ತಿಗೆ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಯಾವಾಗಿನಿಂದಲೋ. “ಸ್ಕಾಲರ್‌ಶಿಪ್ ಅಂದಿದ್ರಿ ನನಗೆ,” ಎಂದಳು ಗಂಡನಿಗೆ. “ನಮ್ಮಪ್ಪನಿಗೂ ಅದನ್ನೇ ಹೇಳಿದ್ರಿ. ಹುಡುಗ ಭಾರಿ ಬುದ್ಧಿವಂತ ಅಂತ ಅವರು ಊರೆಲ್ಲ ಹೇಳ್ಕೊಂಡು ಬಂದ್ರು.” ತಟ್ಟೆಯನ್ನು ಇಬ್ಬರಿಗೂ ಕೈಗೆಟುಕದ ಕಡೆ, ಗಾಜಿನ ಬೀರುವಿನ ಮೇಲಿಟ್ಟು ಒಳಗೆ ಹೋದಳು.

“ನೋಡು, ಹೇಳ್ಬೇಕು ಅಂತ ಎಷ್ಟು ವರ್ಷದಿಂದ...” ಅಣ್ಣ ಮುಂದಕ್ಕೆ ಬಾಗಿದ. “ಬಾಯಲ್ಲಿ ಬರಲಿಲ್ಲ ಕಣೋ. ಅದಕ್ಕೇ ಬರೆದೆ. ಪ್ರೂಫ್ ನಿನ್ನ ಕೈಗೇ ಬರುತ್ತೆ ಅಂತ ಗೊತ್ತಿದ್ದೇ ಬರೆದೆ.”

“ಮಕ್ಕಳ ಪುಸ್ತಕದಲ್ಲಿ.”

“ಮತ್ತೇನು ಬರೀಲಿ? ನನಗೆ ಬರೋದು ಅದೊಂದೇ.”

“ನಾಲ್ಕು ದಿನ ಅಂತ ಬರೆದಿದ್ದೀಯ. ಕೊನೇಲಿ ನಾನು ನಕ್ಕೆ ಅಂತ ಬರೆದಿದ್ದೀಯ.”

“ಮಕ್ಕಳ ಕಥೆ ಹಾಗೇ ಮುಗೀಬೇಕಲ್ವೇನೋ.”

“ನನ್ನ ಒಂದು ಮಾತು ಕೇಳ್ಬಹುದಿತ್ತು.”

“ಕೇಳಿದ್ರೆ ಕೊಡ್ತಿದ್ಯಾ?” ಅಣ್ಣ ಎಷ್ಟು ಸಹಜವಾಗಿ, ಎಷ್ಟು ಕುತೂಹಲದಿಂದ ಕೇಳಿದನೆಂದರೆ, ಅವನಿಗೂ ಉತ್ತರ ಗೊತ್ತಾಗಲಿಲ್ಲ. ಅಣ್ಣ ಅದನ್ನೇ ಒಪ್ಪಿಗೆಯೆಂದು ತಿಳಿದು ಪೆನ್ನಿಗೆ ಕೈ ಚಾಚಿದ. “ಒಂದು ಕೆಲಸ ಮಾಡು. ಕೊನೇ ಅಧ್ಯಾಯ ನಿನಗೆ ಹೇಗೆ ಬೇಕೋ ಹಾಗೆ ತಿದ್ದು. ಹೊಡೆದು ಹಾಕು, ಬೇರೆ ಬರಿ, ನಿನ್ನಿಷ್ಟ. ನಾನು ಕಣ್ಣು ಮುಚ್ಕೊಂಡು ಸಹಿ ಹಾಕಿರ್ತೀನಿ. ತಗೋ, ಇಟ್ಕೋ.”

ಚಾಚಿದ ಆ ಕೈಯನ್ನು ನೋಡಿದಾಗ ಅವನಿಗೆ ಎಲ್ಲ ತಿಳಿಯಿತು. ಡಬ್ಬಿಯನ್ನು ಮತ್ತೆ ನನ್ನ ಕೈಗೇ ಕೊಡುತ್ತಿದ್ದಾನೆ. ಕಥೆ ಕೆಟ್ಟರೆ ತಮ್ಮ ಕೆಡಿಸಿದ. ನಗು ಹೋದರೆ ತಮ್ಮ ಕಳೆದ. ಇದನ್ನು ಅಣ್ಣ ಲೆಕ್ಕ ಹಾಕಿ ಮಾಡುತ್ತಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲೂ ಲೆಕ್ಕ ಹಾಕಿರಲಿಕ್ಕಿಲ್ಲ. ಭಾರವಾದದ್ದನ್ನು ಪಕ್ಕದವನ ಕೈಗೆ ದಾಟಿಸುವುದು ಅವನಿಗೆ ಉಸಿರಾಟದಷ್ಟು ಸಲೀಸು.

“ನಾನು ಅಕ್ಷರ ತಿದ್ದೋನು,” ಎಂದು ಎದ್ದ. “ಕೊನೇ ಅಧ್ಯಾಯ ಇಲ್ಲೇ ಇರುತ್ತೆ. ತಿದ್ದೋದಿದ್ರೆ ನೀನೇ ತಿದ್ದಿ ಕಳಿಸು.”

“ಊಟ ಮಾಡ್ಕೊಂಡು ಹೋಗೋ. ಏಯ್, ಕೋಪ ಮಾಡ್ಕೋಬೇಡ್ವೋ,” ಎಂದು ಅಣ್ಣ ಗೇಟಿನವರೆಗೂ ಬಂದ. ಅವನು ತಿರುಗಿ ನೋಡಲಿಲ್ಲ ಎಂದರೆ ಸುಳ್ಳು, ನೋಡಿದ. ಬೋಳುತಲೆಯ, ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಬಂದ ಮುದುಕನೊಬ್ಬ ಗೇಟು ಹಿಡಿದು ನಿಂತಿದ್ದ. ಕನಿಕರ ಬರಬೇಕಾದ ಜಾಗ ಒಳಗೆ ಹಾಗೇ ಇತ್ತು. ಕನಿಕರ ಬರಲಿಲ್ಲ.

ಐದನೆಯ ದಿನ ಕೊನೆಯ ಅಧ್ಯಾಯ ವಾಪಸು ಬಂತು. ಆ ಐದು ದಿನ ಅವನು ಒಂದು ಬೀಜದಂಗಡಿಯ ಕೈಪಿಡಿ, ಒಂದು ಲಗ್ನಪತ್ರಿಕೆ, ಒಂದು ವ್ಯಾಕರಣ ಪುಸ್ತಕ ತಿದ್ದಿದ್ದ. ಲಕೋಟೆ ಒಡೆದವಳು ಓದುವ ಅಕ್ಕ. ಹಾಳೆಗಳನ್ನು ಅವನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಅಣ್ಣ ಏನನ್ನೂ ಬದಲಾಯಿಸಿರಲಿಲ್ಲ. ‘ಅಷ್ಟೇ ತಾನೇ’ ಆದ ಮೇಲೆ ಒಂದು ಅಲ್ಪವಿರಾಮ ಸೇರಿಸಿದ್ದ, ಅಷ್ಟೇ. ಆದರೆ ಹಿಂದೆ ಒಂದು ಹೊಸ ಹಾಳೆಯಿತ್ತು.

“ಅಯ್ಯೋ, ನೋಡ್ರೀ ಇಲ್ಲಿ!” ಓದುವ ಅಕ್ಕ ಮುಖವರಳಿಸಿ ಓದಿದಳು. “ಅರ್ಪಣೆ. ನನ್ನ ಪ್ರೀತಿಯ ತಮ್ಮನಿಗೆ, ಅವನ ದೊಡ್ಡ ಮನಸ್ಸಿಗೆ. ನಿಮಗೇ ಅರ್ಪಣೆ ಮಾಡಿದ್ದಾರೆ! ಇವತ್ತು ಎಲ್ಲರಿಗೂ ಚಹಾ ನಿಮ್ಮದೇ.”

ಅವನು ಹಾಳೆ ತೆಗೆದುಕೊಂಡು ಓದಿದ. ಕಾಗುಣಿತ ಸರಿಯಾಗಿತ್ತು. “ಅಕ್ಕಾ,” ಎಂದ, “ಈ ಕಥೇಲಿರೋ ತಮ್ಮ ನಾನೇ. ನಡೆದದ್ದು ನಾಲ್ಕು ದಿನ ಅಲ್ಲ, ನಲವತ್ತನಾಲ್ಕು ವರ್ಷ. ಹೋದ ವಾರ ನಿಮ್ಮ ಬಾಯಿಂದಲೇ ನನಗೆ ಗೊತ್ತಾಗಿದ್ದು.” ಅವಳ ಮುಖದ ನಗು ಹೋಗಲು ತುಸು ಹೊತ್ತು ಹಿಡಿಯಿತು. “ನಾನು ನಗಲಿಲ್ಲ,” ಎಂದ.

ಅವಳು ಕನ್ನಡಕ ತೆಗೆದಳು, ಹಾಕಿಕೊಂಡಳು. “ಹಾಗಾದ್ರೆ ಈ ಕೊನೇ ಸಾಲು? ಹೊಡೆದು ಹಾಕೋಣ್ವಾ? ಯಾರಿಗೂ ಗೊತ್ತಾಗಲ್ಲ. ನಾನೇನೂ ಹೇಳಲ್ಲ.”

“ಬೇಡ. ಹಸ್ತಪ್ರತೀಲಿ ಹೇಗಿದೆಯೋ ಹಾಗೇ ಇರ್ಲಿ. ಆ ಹುಡುಗ ನಕ್ಕ. ನಗ್ಲಿ ಬಿಡಿ, ಅವನಿಗಿನ್ನೂ ಒಂಬತ್ತು ವರ್ಷ.” ಪುಟದ ಕೆಳಗೆ ಅಚ್ಚಿಗೆ ಹೋಗಬಹುದು ಎಂದು ಬರೆದು ಸಹಿ ಮಾಡಿದ. ಅರ್ಪಣೆಯ ಹಾಳೆಯನ್ನು ಮಾತ್ರ ಹಿಡಿದುಕೊಂಡು ಮಾಲೀಕರ ಕೋಣೆಗೆ ಹೋದ.

ಮಾಲೀಕರು ಹಿಂದು ಮುಂದು ತಿರುಗಿಸಿ ನೋಡಿದರು. “ಏನಾಗಿದೆ ಇದಕ್ಕೆ? ನಿನ್ನೆನೇ ಬೇರೆಯಾಗಿ ಒಂದು ಕಾಪಿ ನನಗೆ ಕಳಿಸಿದ್ರು, ಅಚ್ಚಿನ ಮೊಳೆ ಜೋಡಿಸಿನೂ ಆಯ್ತಲ್ಲ.”

“ಇದನ್ನ ಹಾಕೋದು ಬೇಡ.”

“ಬರೆದೋರ ಇಷ್ಟ ಅಲ್ವೇನ್ರೀ ಅದು?”

“ಪುಸ್ತಕ ಅವರಿಷ್ಟ. ಒಂದಕ್ಷರ ಮುಟ್ಟಿಲ್ಲ ನಾನು. ಇದು ನನಗೆ ಕೊಡ್ತಿರೋದು. ನನಗೆ ಬೇಡ.”

“ಪುಣ್ಯಾತ್ಮ, ಅರ್ಪಣೆ ಬೇಡ ಅನ್ನೋರನ್ನ ಇವತ್ತೇ ನೋಡಿದ್ದು! ಅವರು ಕೇಳಿದ್ರೆ ಏನು ಹೇಳ್ಲಿ?”

“ತಮ್ಮ ತಗೊಳ್ಳಲಿಲ್ಲ ಅಂತ ಹೇಳಿ.”

ಮಾಲೀಕರು ಅವನ ಮುಖ ನೋಡಿ ಹಾಳೆಯನ್ನು ಅವನ ಕೈಗೇ ವಾಪಸು ಕೊಟ್ಟರು. ಅವನು ಅಚ್ಚಿನ ಕೋಣೆಗೆ ಹೋದ. ಅರ್ಪಣೆಯ ಸಾಲುಗಳು ದಾರ ಸುತ್ತಿ ತಟ್ಟೆಯಲ್ಲಿದ್ದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನೂ ಮೊಳೆ ಜೋಡಿಸಿದವನೇ. ಯಾವ ಅಕ್ಷರ ಯಾವ ಗೂಡಿನದೆಂದು ನೋಡದೆಯೂ ಗೊತ್ತಿತ್ತು. ದಾರ ಬಿಚ್ಚಿ, ಕಡೆಯಿಂದ ಶುರುಮಾಡಿ ಒಂದೊಂದೇ ಮೊಳೆಯನ್ನು ಅದರದರ ಗೂಡಿಗೆ ಹಾಕತೊಡಗಿದ. ಮನಸ್ಸಿಗೆ ಹೋಯಿತು, ದೊಡ್ಡ ಹೋಯಿತು. ಸೀಸದ ಮೇಲೆ ಸೀಸ ಬಿದ್ದ ಸಣ್ಣ ಸದ್ದು. ನಾಳೆ ಇದೇ ಅಕ್ಷರಗಳು ಯಾರದೋ ಲಗ್ನಪತ್ರಿಕೆಗೆ, ಬೀಜದ ಹೆಸರಿಗೆ ಹೋಗುತ್ತವೆ.

ಓದುವ ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಕೇ­ಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಕೇಳಿದಳು. “ನಗಲಿಲ್ಲ ಅಂದ್ರಲ್ಲ. ಅವತ್ತು ಅಲ್ಲಿಂದ ಬಂದು ಏನು ಮಾಡಿದ್ರಿ?”

ಅವನು ಕೈಯಲ್ಲಿದ್ದ ಮೊಳೆಯನ್ನು ಅದರ ಗೂಡಿಗೆ ಹಾಕಿದ.

“ಬಸ್ಸಿಗೆ ಕಾದೆ,” ಎಂದ. “ಎರಡು ಬಸ್ಸು ಬಂದು ಹೋದ್ವು. ಕೈ ಅಡ್ಡ ಹಿಡೀಬೇಕು ಅನ್ನೋದೇ ಹೊಳೀಲಿಲ್ಲ.”